ಕೌದಿಯ ಒಳಗೊಂದು ಕೌದಿ

ಒಣಗಿದ ಕೌದಿಯನ್ನು ಒಬ್ಬಳೇ ಹೆಗಲ ಮೇಲೆ ಹಾಕಿಕೊಂಡು ನಡೆಯಬಹುದು. ನೀರು ಕುಡಿದ ಕೌದಿಗೆ ಇಬ್ಬರು ಬೇಕು. ಮಹಾನವಮಿ ಹತ್ತಿರ ಬಂತೆಂದರೆ, ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಮಡಿ ಮಾಡುವುದು ನಮ್ಮ ಕಡೆಯ ಪದ್ಧತಿ. ಯಾದಗಿರಿಯಲ್ಲಿ ಭೀಮಾ ನದಿಯ ದಂಡೆಗೆ ಅವ್ವ, ಚಿಗವ್ವ ಗಂಟು ಹೊತ್ತುಕೊಂಡು ಹೋಗುವಾಗ ನಾನೂ ಹಿಂದೆ ಹೋಗುತ್ತಿದ್ದೆ. ಒಂದು ತುದಿ ಅವ್ವನ ಕೈಯಲ್ಲಿ, ಇನ್ನೊಂದು ಚಿಗವ್ವನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ತಿರುವಿ ತಿರುವಿ ಹಿಂಡುತ್ತಿದ್ದರು. ಆಮೇಲೆ ಕಾದ ಬಂಡೆಯ ಮೇಲೆ ಹರವುತ್ತಿದ್ದರು. ಅದು ಒಣಗುವ ತನಕ ಕಾಯುವುದು ನನ್ನ ಕೆಲಸ. ಕಾಯುತ್ತ ಕೂತಾಗ ಕೌದಿಯ ತುಂಡುಗಳನ್ನು ಎಣಿಸುತ್ತಿದ್ದೆ. ಇದು ಆಯಿಯ ಸೀರೆ, ಇದು ಮುತ್ಯಾನ ಧೋತರ, ಇದು ಯಾರದು?

ಆ ಪ್ರಶ್ನೆ ಈಗ ಮತ್ತೆ ಎದ್ದಿರುವುದಕ್ಕೆ ಒಂದು ಕಾರಣವಿದೆ. ಬೆಂಗಳೂರಿನ ಹೊಸ ಮನೆಗಳಲ್ಲಿ ಹಳೆಯ ನೆಲಹಾಸು, ಹಳೆಯ ಗೋಡೆಬಟ್ಟೆಗಳನ್ನು ಹುಡುಕಿ ತಂದು ಇಡುವ ಆಸಕ್ತಿ ಬೆಳೆದಿದೆ. ಸ್ವೀಡನ್, ಫಿನ್ಲೆಂಡ್ ದೇಶಗಳ ಹಳೆಯ ನೇಯ್ಗೆಯ ಹೆಸರು ಆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅವುಗಳ ಕತೆ ಓದುತ್ತ ಹೋದಾಗ ನನಗೆ ಕಂಡದ್ದು ನಮ್ಮ ಮನೆಯ ಕೌದಿಯ ಟ್ರಂಕು.

ಫಿನ್ಲೆಂಡಿನ 'ರ್‍ಯೂಯು' ಮತ್ತು ಸ್ವೀಡನ್ನಿನ 'ರ್‍ಯಾ' ಮೊದಲಿಗೆ ಗೋಡೆಯ ಅಲಂಕಾರವೂ ಅಲ್ಲ, ನೆಲಹಾಸೂ ಅಲ್ಲ. ಚಳಿಗೆ ಹೊದೆಯುವ ಉಣ್ಣೆಯ ಹೊದಿಕೆ. ಉಣ್ಣೆಯ ಎಳೆಗಳನ್ನು ಗಂಟು ಹಾಕಿ ಜೂಲು ಬಿಟ್ಟು ನೇಯ್ದು, ಆ ಜೂಲಿನ ಬದಿಯನ್ನೇ ಮೈಗೆ ತಾಗಿಸಿ ಹೊದೆಯುತ್ತಿದ್ದರು. ಮೀನುಗಾರರು ದೋಣಿಯಲ್ಲಿ ಅದನ್ನು ಹೊದ್ದು ಮಲಗುತ್ತಿದ್ದರು. ಕಾಲ ಕಳೆದಂತೆ ಚಿತ್ತಾರ ಹೊರಮುಖಕ್ಕೆ ಬಂತು, ಮದುವೆಯಲ್ಲಿ ವಧುವರರು ಅದರ ಮೇಲೆ ನಿಲ್ಲುವ ಪದ್ಧತಿ ಬಂತು, ಹೆಸರಿನ ಮೊದಲಕ್ಷರ ಮತ್ತು ಇಸವಿಯನ್ನು ನೇಯ್ಗೆಯಲ್ಲೇ ಕೂಡಿಸತೊಡಗಿದರು. 1919ರಲ್ಲಿ ಸ್ವೀಡನ್ನಿನ ಬೋಸ್ಟಾಡ್ ಎಂಬ ಊರಲ್ಲಿ ಮಾರ್ಟಾ ಮೋಸ್ ಫ್ಯೆಟರ್‌ಸ್ಟ್ರೋಮ್ ಎಂಬ ಹೆಣ್ಣುಮಗಳು ತನ್ನದೇ ನೇಯ್ಗೆಯ ಕಾರ್ಯಾಗಾರ ತೆರೆದಳು. ಅಲ್ಲಿಂದ ಹೊರಟ ಹಾಸುಗಳಿಗೆ ಇಂದು ಹರಾಜಿನಲ್ಲಿ ದೊಡ್ಡ ಬೆಲೆ. 1924ರಲ್ಲಿ ಯು.ಟಿ. ಸಿರೇಲಿಯಸ್ ಎಂಬ ವಿದ್ವಾಂಸ ಫಿನ್ಲೆಂಡಿನ ರ್‍ಯೂಯುಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಹೊದಿಕೆ ಹೀಗೆ ಇತಿಹಾಸವಾಯಿತು. ಅದೇ ನಾಡುಗಳಲ್ಲಿ ಹರಿದ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಮಗ್ಗದಲ್ಲಿ ನೇಯುವ ಚಿಂದಿಯ ಚಾಪೆಗಳೂ ಇವೆ. ಬಡವರ ಮನೆಯಲ್ಲಿ ಹುಟ್ಟಿದ ಅವನ್ನೂ ಈಗ ಆಸೆಪಟ್ಟು ಕೂಡಿಸಿಡುತ್ತಾರೆ.

ಹಾಗಿದ್ದರೆ ಕೌದಿ?

ಕೌದಿಯ ಕೆಲಸ ನೋಡಲು ಸಾದಾ. ಕೆಳಗೆ ಒಂದು ಗಟ್ಟಿ ಸೀರೆ ಹರವಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಡುತ್ತಾರೆ. ಅದರ ಮೇಲೆ ಹಳೆಯ ಧೋತರ, ಸವೆದ ಸೀರೆ, ಹರಿದ ಅಂಗಿಯ ಬೆನ್ನು ಪದರು ಪದರಾಗಿ ಕೂರುತ್ತವೆ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು. ಸೂಜಿ ಅಂಚಿನಿಂದ ಶುರುವಾಗಿ ಒಳಕ್ಕೆ ಸುತ್ತುತ್ತ ಬರುತ್ತದೆ. ಚೌಕದ ಒಳಗೆ ಚೌಕ, ಅದರ ಒಳಗೆ ಇನ್ನೊಂದು, ನಡುಮಧ್ಯ ಮುಟ್ಟುವ ತನಕ. ಮೇಲೆ ಬಂದು ಕೆಳಗಿಳಿಯುವ ನೇರ ಹೊಲಿಗೆಯೊಂದೇ, ಬೇರೆ ಯಾವ ಚಮತ್ಕಾರವೂ ಇಲ್ಲ. ಆದರೆ ಸಾಲುಗಳ ನಡುವೆ ಬೆರಳಿನಷ್ಟೂ ಅಂತರ ಬಿಡದೆ ಇಡೀ ಹಾಸಿಗೆಯಗಲ ಹೊಲಿದು ನೋಡಬೇಕು. ದಾರ ಎಳೆದಾಗ ಬಟ್ಟೆ ಸಣ್ಣಗೆ ಸುಕ್ಕುಗಟ್ಟುತ್ತದೆ, ಆ ಸುಕ್ಕಿನಲ್ಲೇ ಗಾಳಿ ನಿಲ್ಲುತ್ತದೆ. ಡಿಸೆಂಬರಿನ ರಾತ್ರಿ ತಣ್ಣಗೆ ಕೊರೆಯುವ ಶಹಾಬಾದ ಪರಸಿಯ ಮೇಲೆ ಮಲಗಿದವರನ್ನು ಬೆಚ್ಚಗಿಡುವುದು ಈ ಗಾಳಿ. ಬೇಸಿಗೆ ಬಂದಾಗ ಅದೇ ಕೌದಿ ಮಾಳಿಗೆಯ ಮೇಲೆ ಹಾಸಿಗೆಯಾಗುತ್ತದೆ.

ಹೊಲಿಯುವವರು ಎರಡು ಬಗೆ. ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ದಿನಗಳಲ್ಲಿ, ಓಣಿಯ ಹೆಣ್ಣುಮಕ್ಕಳೇ ಗುಡಿಯ ಕಟ್ಟೆ ಮೇಲೆ ಕೂತು ಒಬ್ಬರ ಕೌದಿಗೆ ನಾಲ್ವರು ಕೈ ಹಾಕುವುದು ಒಂದು. ಇನ್ನೊಂದು, ಊರಿಂದ ಊರಿಗೆ ಬರುವವರದು. "ಹಳೀ ಸೀರಿ ಅದಾವೇನ್ರೀ ಅಕ್ಕಾ, ಕೌದಿ ಹೊಲೀತೀವಿ" ಎಂದು ಓಣಿಯ ತಲೆಗೆ ನಿಂತು ಕೂಗುತ್ತಿದ್ದ ದನಿ ನನಗೆ ಇನ್ನೂ ನೆನಪಿದೆ. ಆಯಿ ಅವರಿಗೆ ಜ್ವಾಳ ಅಳೆದು ಹಾಕುತ್ತಿದ್ದಳು, ಮೇಲೊಂದಿಷ್ಟು ರೊಕ್ಕ. ಬೆಳಗಾವಿ, ಧಾರವಾಡದ ಕಡೆ ಗೊಂದಳಿ ಸಮುದಾಯದ ಹೆಂಗಸರು ಈ ಕೆಲಸಕ್ಕೆ ಹೆಸರಾದವರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯ ರೀತಿಯೇ ಬೇರೆ. ಮಡಿಸಿದ ಸಣ್ಣ ತ್ರಿಕೋನಗಳನ್ನು ಮೂಲೆಗಳಲ್ಲಿ ಹೂವಿನಂತೆ ಕೂರಿಸದೆ ಅವರು ಕೆಲಸ ಮುಗಿಯಿತೆನ್ನುವುದಿಲ್ಲ. ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಅವರ ನಡುವೆ ಓಡಾಡಿ ಅಧ್ಯಯನ ಮಾಡಿದ ಫಲವಾಗಿ 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ಯಲ್ಲಾಪುರದ ಕಾಡಿನಿಂದ ಹಾರ್ಲೆಮ್ಮಿಗೆ ಹೋದ ಕೌದಿ ಯಾದಗಿರಿಯಿಂದ ಕಲಬುರಗಿಗೂ ಹೋಗಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಕೌದಿಯನ್ನು ಓದಲು ಕಲಿಯಬೇಕು. ಅದರ ಮೇಲೆ ಇಸವಿ ಇರುವುದಿಲ್ಲ, ಬಟ್ಟೆಯೇ ಅದರ ಇಸವಿ. ನಮ್ಮ ಭಾಗದ ಹಳೆಯ ಕೌದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಇಳಕಲ್ ಸೀರೆ. ಅದರ ಮೈ ಹತ್ತಿಯದಾದರೆ ಬೇಗ ಮೆತ್ತಗಾಗುತ್ತದೆ, ಅಗಲವಾದ ದಡಿ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಜಾಣೆಯಾದವಳು ದಡಿಯನ್ನು ಕತ್ತರಿಸಿ ಕೌದಿಯ ನಾಲ್ಕೂ ಅಂಚಿಗೆ ಕೊಡುತ್ತಾಳೆ. ಸೆರಗಿನ ಹಾಸುನೂಲನ್ನು ಮೈಯ ಹಾಸುನೂಲಿಗೆ ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲಿನ ವಿಶೇಷ. ಕೆಂಪು ಸೆರಗಿನ ಬಿಳಿ ತೆನೆಗಳು ಯಾವುದಾದರೂ ತುಂಡಿನಲ್ಲಿ ಅರ್ಧವಾದರೂ ಸಿಕ್ಕೇ ಸಿಗುತ್ತವೆ. ಕುಪ್ಪಸದ ಚೂರಾದರೆ ಅದು ಗುಳೇದಗುಡ್ಡದ ಖಣ ಇರಬಹುದು. ಯಾದಗಿರಿಯ ಪೂರ್ವಕ್ಕೆ, ಗುರುಮಠಕಲ್, ಸೈದಾಪುರದ ಕಡೆಯ ಮನೆಗಳಲ್ಲಿ ಸಣ್ಣ ಚೌಕಳಿಯ ತುಂಡು ಕಂಡರೆ ಗಡಿಯಾಚೆಯ ನಾರಾಯಣಪೇಟೆಯ ಸೀರೆಯನ್ನು ನೆನೆಯಬೇಕು. ಅಲ್ಲಿನ ಮಗ್ಗ ನಮಗೆ ಇಳಕಲ್ಲಿಗಿಂತ ಹತ್ತಿರ. ಒಂದೇ ಕೌದಿಯಲ್ಲಿ ಇಳಕಲ್ಲೂ ನಾರಾಯಣಪೇಟೆಯೂ ಅಕ್ಕಪಕ್ಕ ಕೂತಿದ್ದರೆ ಯಾವ ಊರಿನ ಹೆಣ್ಣು ಯಾವ ಊರಿಗೆ ಸೊಸೆಯಾಗಿ ಬಂದಳೆಂಬ ಮಾತು ಆ ಮನೆಯಲ್ಲಿ ತಾನಾಗಿ ಏಳುತ್ತದೆ.

ಇನ್ನು ಒಳಗಿನದು. ಕೌದಿ ಹರಿದರೆ ಬಿಸಾಡುವವರಿಲ್ಲ. ಹಳೆಯದನ್ನೇ ನಡುವೆ ಇಟ್ಟು ಮೇಲೆ ಕೆಳಗೆ ಹೊಸ ಬಟ್ಟೆ ಕೊಟ್ಟು ಮತ್ತೆ ಹೊಲಿಯುತ್ತಾರೆ. ನಮ್ಮ ಮನೆಯ ಒಂದು ಕೌದಿಯ ಅಂಚು ಇಲಿ ಕಡಿದು ಬಿಚ್ಚಿಕೊಂಡಾಗ ಒಳಗೆ ಇನ್ನೊಂದು ಕೌದಿ ಕಂಡಿತು. ಅದರ ಬಣ್ಣ ಬಿಸಿಲು ಕಾಣದೆ ಹಾಗೇ ಉಳಿದಿತ್ತು. ಮೇಲಿನ ಹೊಲಿಗೆ ಆಯಿಯದು. ಒಳಗಿನದು ಆಯಿಯ ಅತ್ತೆಯದು. ಸಾಲುಗಳು ಇನ್ನೂ ಒತ್ತಾಗಿ, ಇನ್ನೂ ನೇರವಾಗಿದ್ದವು. ಅತ್ತೆ ಸೊಸೆ ಇಬ್ಬರ ಕೈಯನ್ನೂ ನಾನು ಒಟ್ಟಿಗೆ ನೋಡಿದ್ದು ಅಂದೇ.

ಮಗುವಿನ ಕೌದಿಯ ಮಾತು ಬೇರೆ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ತವರಿನಿಂದ ತೊಟ್ಟಿಲು, ಕುಂಚಿಗೆ, ಕುಲಾಯಿ ಜೊತೆ ಪುಟ್ಟ ಕೌದಿಯೂ ಹೋಗುತ್ತದೆ. ಅದಕ್ಕೆ ಆರಿಸುವುದು ಅತ್ಯಂತ ಸವೆದ ಬಟ್ಟೆಯನ್ನೇ. ನೂರು ಸಲ ಒಗೆದ ಹತ್ತಿಯಷ್ಟು ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗದು.

ಕೌದಿ ಏಕೆ ಕಡಿಮೆಯಾಯಿತು ಎಂದು ಕೇಳಿದರೆ ಎಲ್ಲರೂ ಪೇಟೆಯ ಬ್ಲಾಂಕೆಟ್ಟಿನ ಕಡೆ ಬೆರಳು ತೋರಿಸುತ್ತಾರೆ. ಸೊಲ್ಲಾಪುರದ ಚಾದರ ಬಂದ ಮೇಲೂ ಕೌದಿ ಬದುಕಿತ್ತು ಎಂಬುದನ್ನು ಮರೆಯುತ್ತಾರೆ. ನನಗೆ ಕಾಣುವ ದೊಡ್ಡ ಕಾರಣ ಸೀರೆಯೇ. ದಿನಬಳಕೆಗೆ ಪಾಲಿಯೆಸ್ಟರ್ ಸೀರೆ ಬಂತು. ಅದು ಸವೆಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ. ಪದರು ಪದರು ಕೂರಿಸಿದರೆ ಒಂದರ ಮೇಲೊಂದು ಜಾರುತ್ತದೆ. ಹಳೆಯ ಸೀರೆಯ ರಾಶಿ ಮನೆಯಲ್ಲಿದ್ದೂ ಕೌದಿಗೆ ಬಟ್ಟೆ ಇಲ್ಲದಂತಾಯಿತು. ಎರಡನೆಯದು ಸಮಯ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ ಬಂತು. ನೀರು ಸಿಕ್ಕ ಕಡೆ ವರ್ಷಕ್ಕೆರಡು ಬೆಳೆ. ಜ್ವಾಳದ ಸುಗ್ಗಿಯ ನಂತರದ ಬಿಡುವು ನಾಟಿ, ಕಳೆಯ ಕೂಲಿಗೆ ಹೋಯಿತು. ಕಾಲುವೆ ತಂದ ಅನ್ನವನ್ನು ನಾನು ಹಗುರ ಮಾಡುವುದಿಲ್ಲ. ಕಟ್ಟೆಯ ಮೇಲಿನ ಕೈಗಳು ಎಲ್ಲಿ ಹೋದವೆಂಬುದಕ್ಕೆ ಅಲ್ಲಿ ಉತ್ತರವಿದೆ, ಅಷ್ಟೇ. ನೀರು ಮುಟ್ಟದ ಹಳ್ಳಿಗಳಲ್ಲಿ ಕತೆ ಇನ್ನೊಂದು ತರಹ. ಯಾದಗಿರಿ ನಿಲ್ದಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ಸಿಗೆ ಕಾಯುವ ಗುಂಪನ್ನು ನೋಡಿ. ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೊರಟ ಕುಟುಂಬಗಳ ಗಂಟಿನಲ್ಲಿ ಪಾತ್ರೆಯನ್ನು ಸುತ್ತಿಟ್ಟಿರುವುದು ಕೌದಿಯೇ. ದುಡಿಯುವ ಕೌದಿ ಇನ್ನೂ ಸತ್ತಿಲ್ಲ.

ಇದೇ ನೆಲದಲ್ಲಿ ಕೌದಿಯ ನೆಂಟರೂ ಇದ್ದಾರೆ. ದಖ್ಖನಿ ಕುರಿಯ ಕಪ್ಪು ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಕೊಟ್ಟು ಕುರುಬರು ನೇಯುವ ಕಂಬಳಿ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದವರಿಗೆ ಗೊರವರ ಹೆಗಲ ಮೇಲೆ ಅದು ಕಂಡೀತು. ತಾಂಡಾಗಳ ಲಂಬಾಣಿ ಕಸೂತಿಗೆ ಈಗ ಒಳ್ಳೆಯ ಹೆಸರು. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಕುಶಲಕರ್ಮಿಗಳ ಕೆಲಸ ಗಿನ್ನೆಸ್ ದಾಖಲೆ ಸೇರಿತು. ನೆಲಹಾಸೆಂದರೆ ನವಲಗುಂದದ ಜಮಖಾನ. ಆ ನೇಕಾರರ ಹಿರಿಯರು ವಿಜಯಪುರದಿಂದ ಬಂದವರೆಂಬ ಮಾತಿದೆ. ವಿಜಯಪುರದ ಅಸಾರ್ ಮಹಲಿನಲ್ಲಿದ್ದ ಆದಿಲ್‌ಶಾಹಿ ಕಾಲದ ರತ್ನಗಂಬಳಿಗಳನ್ನು ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅರಮನೆಯ ಗಂಬಳಿಗೆ ಜಾಗ ಸಿಕ್ಕಿದೆ. ಕೌದಿಯಂತೆಯೇ ಹಳೆಯ ಬಟ್ಟೆ ಹೊಲಿದು ಮಾಡುವ ಬಂಗಾಳದ ಕಾಂತಾಕ್ಕೂ ಸಿಕ್ಕಿದೆ. ಐಸಿಎಸ್ ಅಧಿಕಾರಿಯಾಗಿದ್ದ ಗುರುಸದಯ ದತ್ತ ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಕಾಂತಾಗಳು ಕೋಲ್ಕತ್ತದ ಹತ್ತಿರ ಜೋಕಾದಲ್ಲಿ ಅವರದೇ ಹೆಸರಿನ ಸಂಗ್ರಹಾಲಯವಾದವು. 2009ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು, ಕಚೇರಿಗಳು ಎದ್ದವು. ಒಂದು ಗೋಡೆ ಕೌದಿಗೆ ಸಿಗಬೇಕು ಎಂದು ನಾನು ಕೇಳುತ್ತೇನೆ.

ಅದು ಸಿಗುವ ತನಕ ಮನೆಯೇ ಸಂಗ್ರಹಾಲಯ. ಕೂಡಿಸುವ ಮನಸ್ಸಿದ್ದವರಿಗೆ ನನ್ನ ಅನುಭವದ ನಾಲ್ಕು ಮಾತು. ಕೌದಿಯನ್ನು ಮೊದಲು ತಿರುಗಿಸಿ ಹಿಂಬದಿ ನೋಡಿ. ಮೇಲಿನ ಬಣ್ಣ ಕಣ್ಣು ಕಟ್ಟುತ್ತದೆ, ಹೊಲಿದ ಕೈಯ ಹದ ತಿಳಿಯುವುದು ಹಿಂದೆ. ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡದೆ ನೀರಿಗೆ ಹಾಕಬೇಡಿ, ಯಂತ್ರಕ್ಕಂತೂ ಬೇಡವೇ ಬೇಡ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ; ಹಳೆಯ ಧೋತರದಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಯನ್ನು ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗಿಡಿ. ವರ್ಷಕ್ಕೆರಡು ಸಲ ಬಿಚ್ಚಿ ಮಡಿಕೆ ಬದಲಿಸಿ, ಇಲ್ಲವಾದರೆ ಮಡಿಕೆಯಲ್ಲೇ ಬಟ್ಟೆ ಸೀಳುತ್ತದೆ. ಗೋಡೆಗೆ ಹಾಕುವುದಾದರೆ ಮೊಳೆ ಬೇಡ. ಹಿಂದೆ ಮೇಲಂಚಿಗೆ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿ, ಬಿಸಿಲು ನೇರ ಬೀಳದ ಕಡೆ ತೂಗಿ. ಹೊಸದು ಹೊಲಿಸುವುದಾದರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಒಂದು ಕೌದಿಗೆ ವಾರಗಟ್ಟಲೆ ಬೆನ್ನು ಬಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಬರೆದಿಡಿ. ಫಿನ್ಲೆಂಡಿನವರು ನೇಯ್ಗೆಯಲ್ಲೇ ಇಸವಿ ಕೂಡಿಸಿದರು. ನಮ್ಮವರು ಎಲ್ಲವನ್ನೂ ನೆನಪಿನಲ್ಲಿ ಇಟ್ಟರು, ನೆನಪು ಇಟ್ಟವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕಳೆದ ಮಹಾನವಮಿಗೆ ನಾನು ಅವ್ವನನ್ನು ಕೂರಿಸಿಕೊಂಡು ಇಲಿ ಕಡಿದ ಆ ಕೌದಿಯ ಒಂದೊಂದು ತುಂಡೂ ಯಾರದೆಂದು ಕೇಳಿ ಬರೆದುಕೊಂಡೆ. ಮೂಲೆಯ ಹಸಿರು ತುಂಡಿಗೆ ಬಂದಾಗ ಅವ್ವ, ಇದು ಚಿಗವ್ವನ ಮದುವೆ ಸೀರೆಯದು ಎಂದಳು. ಸುರಪುರದ ರಂಗಂಪೇಟೆಯಲ್ಲಿರುವ ಚಿಗವ್ವನಿಗೆ ಫೋನ್ ಹಚ್ಚಿದೆವು. "ನನ್ನ ಮದುವಿ ಸೀರಿ ಕೆಂಪಂದು ಅಲ್ಲೇನವ್ವಾ? ಆ ಹಸ್ರಂದು ನಿಮ್ಮವ್ವಂದೇ, ನೀ ಹೊಟ್ಟ್ಯಾಗಿದ್ದಾಗ ಉಡ್ತಿದ್ಲು" ಎಂದಳು ಚಿಗವ್ವ. ಅವ್ವ ಒಪ್ಪಲಿಲ್ಲ. ಬಿಳಿ ಬಟ್ಟೆಯ ಚೂರಿನ ಮೇಲೆ ಇಬ್ಬರ ಮಾತನ್ನೂ ಬರೆದು, ಕೌದಿಯ ಹಿಂಬದಿಗೆ ಅದನ್ನು ನಾಲ್ಕು ಹೊಲಿಗೆಯಲ್ಲಿ ಕೂಡಿಸಿದ್ದೇನೆ. ಹೊಲಿಗೆ ಅವ್ವನದು.