ಕೆಂಪು ಗುಳಿಗೆಗೆ ಹೆದರಬೇಡಿ, ಚಹಾದ ಜೊತೆ ನುಂಗಬೇಡಿ

ಬಸುರಿಯರಿಗೆ ಸರ್ಕಾರ ಪುಕ್ಕಟೆಯಾಗಿ ಕೊಡುವ ಕೆಂಪು ಗುಳಿಗೆ ನಮ್ಮ ಹನುಮಸಾಗರದ ಎಷ್ಟೋ ಮನೆಗಳಲ್ಲಿದೆ. ಆದರೆ ಹೊಟ್ಟೆಗೆ ಹೋಗೋದು ಕಡಿಮೆ. ನಾನೂ ಈಗ ಆರು ತಿಂಗಳ ಬಸುರಿ. ವರ್ಕ್ ಫ್ರಮ್ ಹೋಮ್ ತಗೊಂಡು ಬೆಂಗಳೂರಿನಿಂದ ತವರಿಗೆ ಬಂದಿದ್ದೇನೆ.

ನನ್ನ ಅತ್ತಿಗೆಗೆ ಐದು ತಿಂಗಳು. ಅವಳ ತಾಯಿ ಕಾರ್ಡ್‌ನಲ್ಲಿ ಹಿಮೋಗ್ಲೋಬಿನ್ 8.4 ಅಂತ ಬರೆದಿತ್ತು. ಬಸುರಿಯರಿಗೆ ಕನಿಷ್ಠ 11 ಇರಬೇಕು. ಗುಳಿಗೆ ಯಾಕೆ ಬಿಟ್ಟೆ ಅಂದರೆ, "ಕೂಸು ಕರ್ರಗಾಕ್ಕತಿ ಅಂತಾರ, ಹೊಟ್ಟಿನೂ ತೊಳಸ್ತೈತಿ" ಅಂದಳು.

ಕೂಸಿನ ಬಣ್ಣ ಬರೋದು ತಂದೆ-ತಾಯಿಯಿಂದ, ಗುಳಿಗೆಯಿಂದಲ್ಲ. ಕಪ್ಪಾಗೋದು ಮಲ ಮಾತ್ರ. ಮೈಗೆ ಹತ್ತದೆ ಉಳಿದ ಕಬ್ಬಿಣ ಹಾಗೆ ಹೊರಗೆ ಹೋಗುತ್ತೆ, ಗಾಬರಿ ಬೇಡ. ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ನಂತರ ತಗೊಳ್ಳಿ. ಅತ್ತಿಗೆ ಈಗ ಡಾಕ್ಟರ್ ಹೇಳಿದಷ್ಟು ಹಾಗೇ ತಗೊಳ್ತಿದ್ದಾಳೆ.

ಈ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆ ಇದ್ದವರಿಗೆ ಡಾಕ್ಟರ್ ಹೆಚ್ಚು ಬರೆಯಬಹುದು. ನಮ್ಮಲ್ಲಿ ಊಟ ಆದ ಕೂಡಲೇ ಚಹಾ ಬೇಕೇ ಬೇಕು. ಆದರೆ ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡೋದಿಲ್ಲ. ಒಂದೆರಡು ತಾಸು ಅಂತರ ಇಡಿ. ನಿಂಬೆ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗಬೇಡಿ. ಅದು ಬೆಳಿಗ್ಗೆ, ಮಧ್ಯಾಹ್ನ ಊಟದ ಜೊತೆ; ಇದು ರಾತ್ರಿ.

ಮಗು ಬೇಕು ಅಂತ ಯೋಚಿಸುತ್ತಿರುವವರಿಗೆ ಇನ್ನೊಂದು ಮಾತು. ಕೂಸಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಅಷ್ಟರಲ್ಲಿ ಬಸಿರು ಅಂತಲೇ ಗೊತ್ತಾಗಿರೋದಿಲ್ಲ. ಅದಕ್ಕೇ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮೊದಲೇ ಶುರು ಮಾಡಬೇಕು.

ಹಾಗಂತ ಜಾಸ್ತಿ ತಗೊಂಡಷ್ಟೂ ಒಳ್ಳೆಯದು ಅಂತಲ್ಲ. ವಿಟಮಿನ್ ಎ ಅತಿಯಾದರೆ ಕೂಸಿಗೇ ತೊಂದರೆ. ಮೆಡಿಕಲ್ ಶಾಪಿನಿಂದ ನಾವೇ ತಂದು ಸೇರಿಸೋದು ಬೇಡ. ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಊಟದಲ್ಲಿ ಇರಲಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಂಗನವಾಡಿಯಲ್ಲಿ ಸಿಗುತ್ತದೆ, ನಾಚಿಕೆ ಬಿಟ್ಟು ಹೋಗಿ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅತ್ತೆಯಂದಿರೇ, ಗಂಡಂದಿರೇ, ಅವತ್ತು ನೀವೂ ಜೊತೆಗೆ ಹೋಗಿ. ಹಿಮೋಗ್ಲೋಬಿನ್ ಎಷ್ಟು ಅಂತ ನೀವೇ ಕೇಳಿ.