ರೊಟ್ಟಿ ಬಡಿದ ಕೈಗೆ ಮನೆಯ ಕೀಲಿ!

ಹುಬ್ಬಳ್ಳಿ: ನಸುಕಿನ ನಾಲ್ಕಕ್ಕೇ ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಬಿಳಿಜೋಳದ ಹಿಟ್ಟು, ಕುದಿಯುವ ಎಸರು, ಎರಡು ಹಂಚು. ಹತ್ತರೊಳಗೆ 300 ರೊಟ್ಟಿ ಖಾನಾವಳಿಗಳಿಗೆ ಹೊರಡಬೇಕು.

ಇದೇ ಸಪ್ಪಳಕ್ಕಾಗಿ ಈಕೆ 11 ವರ್ಷದಲ್ಲಿ ಐದು ಬಾಡಿಗೆ ಮನೆ ಬಿಟ್ಟವಳು! "ನಸುಕಿನ್ಯಾಗ ಧಪ್ ಧಪ್ ಅಂತ ಬಡದ್ರ ನಮಗ ನಿದ್ದಿ ಬ್ಯಾಡೇನು?" ಎಂದರು ಒಬ್ಬ ಮಾಲಕರು. ಉಳಿದವರದು ಒಂದೇ ಪ್ರಶ್ನೆ: "ಮನ್ಯಾಗ ಗಂಡಸ್ರು ಯಾರದಾರ?" ಗಂಡ ಊರು ಬಿಟ್ಟು ಹೋದವನು ತಿರುಗಿ ನೋಡಿಲ್ಲ. ಇರುವವರು ತಾಯಿ, ಮಗಳು ಇಬ್ಬರೇ.

ರೊಟ್ಟಿಗೆ 8 ರೂಪಾಯಿ. ಹಿಟ್ಟು, ಗ್ಯಾಸು, ಆಳಿನ ಕೂಲಿ ಕಳೆದರೆ ಉಳಿಯುವುದು 3. ಅದರಲ್ಲೇ ಓಣಿಯ ಭಿಶಿ ಕಟ್ಟಿ, ಬ್ಯಾಂಕಿನಲ್ಲಿಟ್ಟು, 5 ಲಕ್ಷ ಕೂಡಿಸಿದಳು.

ದುಡ್ಡಿನ ವಾಸನೆ ಹಿಡಿದು ಬಂದ ಏಜೆಂಟನೊಬ್ಬ ಗುಂಟಾ ಪ್ಲಾಟು ತೋರಿಸಿದ. ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರೆ ಸಾಕಂತೆ! ಈಕೆ ಕೇಳಿದ್ದು ಎರಡೇ ಮಾತು: "ಎನ್.ಎ. ಆಗೇದೇನ್ರಿ? ಉತಾರ ನನ್ನ ಹೆಸರಿಗೆ ಬರ್ತೈತೇನ್ರಿ?" ಏಜೆಂಟ ಮತ್ತೆ ಕಾಣಿಸಲಿಲ್ಲ. ಬಿನ್‌ಶೇತ್ಕಿ ಆಗದ ಜಾಗಕ್ಕೆ ಬ್ಯಾಂಕೂ ಸಾಲ ಕೊಡದು. ಗುಂಟಾ ಪ್ಲಾಟಿನಲ್ಲಿ ಸಿಕ್ಕಿಬಿದ್ದವರು ಅವಳಿ ನಗರದಲ್ಲಿ ಕಡಿಮೆಯೇನಿಲ್ಲ.

ಕೊನೆಗೆ ಸಿಕ್ಕಿದ್ದು ಎರಡು ಖೋಲಿಯ ಹಳೇ ಮನೆ, 12 ಲಕ್ಷ. ಇ.ಸಿ. ತೆಗೆಸಿ ಸಾಲ ಬಾಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಬ್ಯಾಂಕಿನಲ್ಲಿ ಹೊಸ ತಕರಾರು: "ಪಗಾರ ಚೀಟಿ ಎಲ್ಲಿ?" ರೊಟ್ಟಿ ಬಡಿಯುವವಳಿಗೆ ಪಗಾರ ಚೀಟಿ ಯಾರು ಕೊಡುತ್ತಾರೆ? ನೆರವಿಗೆ ಬಂದದ್ದು ಮೊಬೈಲು. ಖಾನಾವಳಿಯವರು ರೊಕ್ಕವನ್ನು ಫೋನಿನಲ್ಲೇ ಹಾಕುತ್ತಿದ್ದರು. ಎರಡು ವರ್ಷದ ಲೆಕ್ಕ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿತ್ತು. ಆದಾಯ ತೆರಿಗೆ ರಿಟರ್ನೂ ತುಂಬಿದ್ದಳು. 8 ಲಕ್ಷ ಸಾಲ ಮಂಜೂರಾಯಿತು. 15 ವರ್ಷ, ತಿಂಗಳ ಕಂತು 8 ಸಾವಿರದ ಚಿಲ್ಲರೆ.

ಖರೀದಿ ದಿನ ಮತ್ತೊಂದು ಪೆಟ್ಟು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೂರಕ್ಕೆ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2 ಆಗಿದೆ. ಅಂತೂ 84 ಸಾವಿರಕ್ಕೂ ಮೇಲೆ! ಪಕ್ಕದ ಮಹಾರಾಷ್ಟ್ರ 2021ರಲ್ಲೇ ಹೆಂಗಸಿನ ಹೆಸರಿನ ಮನೆಗೆ ಮುದ್ರಾಂಕದಲ್ಲಿ ನೂರಕ್ಕೆ 1 ಇಳಿಸಿತು. ನಮ್ಮಲ್ಲಿ ಆ ರಿಯಾಯಿತಿ ಇಲ್ಲ. ಹೆಣ್ಣುಮಕ್ಕಳ ಬಗ್ಗೆ ಭಾಷಣ ಬಿಗಿಯುವವರು ಇದನ್ನಷ್ಟು ನೋಡಬಾರದೇ?

ಅಷ್ಟರಲ್ಲಿ ಅಣ್ಣ ಬಂದ. "ಕಾಗದ ನನ್ನ ಹೆಸರಿಗಿರ್ಲಿ ತಂಗಿ, ನಾಳೆ ನಿನ್ನ ಗಂಡ ಬಂದು ಹಕ್ಕ ಕೇಳಿದ್ರ?" ಈಕೆ ವಕೀಲರನ್ನು ಕೇಳಿದಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಂತೆ ಹೆಂಗಸು ದುಡಿದು ಕೊಂಡ ಆಸ್ತಿ ಪೂರಾ ಆಕೆಯದೇ. ಆಕೆ ಬದುಕಿರುವ ತನಕ ಗಂಡನಿಗೂ ಪಾಲಿಲ್ಲ, ಅಣ್ಣನಿಗೂ ಇಲ್ಲ. ಆದರೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ 15ನೇ ಕಲಮು ಬರುತ್ತದೆ. ವಿಚ್ಛೇದನ ಆಗಿರದಿದ್ದರೆ, ಬಿಟ್ಟುಹೋದ ಗಂಡನಿಗೂ ಮಗಳ ಜೊತೆ ಪಾಲು!

ಅಣ್ಣನ ಭಯ ಪೂರಾ ಸುಳ್ಳಲ್ಲ. ಅವನ ಮದ್ದು ಮಾತ್ರ ತಪ್ಪು. ಖರೀದಿ ಪತ್ರ ಈಕೆಯ ಒಬ್ಬಳ ಹೆಸರಿಗೇ ಆಯಿತು. ಅದೇ ವಾರ ಮಗಳ ಹೆಸರಿಗೆ ಮೃತ್ಯುಪತ್ರವನ್ನೂ ಬರೆದಳು. ಅದಕ್ಕೆ ಬಿಳಿ ಹಾಳೆ, ಎದುರಿಗೆ ನಿಂತು ಸಹಿ ಹಾಕುವ ಇಬ್ಬರು ಸಾಕ್ಷಿ ಸಾಕು; ನೋಂದಣಿ ಕಡ್ಡಾಯವಲ್ಲ. ಅಣ್ಣ ಎರಡು ತಿಂಗಳು ಮಾತು ಬಿಟ್ಟಿದ್ದ. ಹಬ್ಬಕ್ಕೆ ಬಂದು ಹೋಳಿಗೆ ಉಂಡು ಹೋದ.

ಮೊನ್ನೆ ಕರೆಂಟ್ ಮೀಟರ್ ನೋಡುವವನು ಬಾಗಿಲಲ್ಲಿ ನಿಂತು ಕೇಳಿದ: "ಮನಿ ಮಾಲಕರು ಎಲ್ಲದಾರ್ರೀ?"

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. "ನಾನ ಅದೀನ್ರಿ. ಬಿಲ್ ಇಲ್ಲೆ ಕೊಡ್ರಿ."