ಒಂದು ಅಕ್ಷರ, ಎರಡು ಹೆಸರು: ಉತ್ತರ ಐರ್ಲೆಂಡಿನಲ್ಲಿ ಉಚ್ಚಾರಣೆ ಮತ್ತು ಅಸ್ಮಿತೆ

ಇಂಗ್ಲಿಷ್ ವರ್ಣಮಾಲೆಯ ಎಂಟನೆಯ ಅಕ್ಷರವನ್ನು ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ‘ಏಚ್’ ಎಂದೂ ಕ್ಯಾಥೊಲಿಕರು ‘ಹೇಚ್’ ಎಂದೂ ಕರೆಯುತ್ತಾರೆ. ಧ್ವನಿವ್ಯವಸ್ಥೆಯ ದೃಷ್ಟಿಯಿಂದ ಇದು ಕ್ಷುಲ್ಲಕ ಭೇದ. ಹಕಾರವು ಎರಡೂ ಸಮುದಾಯಗಳ ಮಾತಿನಲ್ಲಿದೆ. ಭೇದವನ್ನು ಉಳಿಸಿದ್ದು ಬಹುಮಟ್ಟಿಗೆ ಪ್ರತ್ಯೇಕ ಶಾಲೆಗಳು, ಏಕೆಂದರೆ ಅಕ್ಷರದ ಹೆಸರು ಮಗುವಿಗೆ ತರಗತಿಯಲ್ಲಿ ದೊರೆಯುವಂಥದು. ಆದರೆ 1960ರ ದಶಕದ ಕೊನೆಯಿಂದ ಮೂರು ದಶಕ ನಡೆದ ಸಂಘರ್ಷದಲ್ಲಿ, ಅಪರಿಚಿತರ ಮುಂದೆ ವರ್ಣಮಾಲೆಯನ್ನು ಒಪ್ಪಿಸುವುದೆಂದರೆ ತಾನು ಯಾವ ಕಡೆಯವನೆಂಬುದನ್ನು ಬಯಲುಮಾಡಿದಂತೆಯೇ. ಅದು ಅಪಾಯವಿಲ್ಲದ ಸಂಗತಿಯಾಗಿರಲಿಲ್ಲ.

ಕನ್ನಡ ಪತ್ರಿಕೆಗಳು ವ್ಯಕ್ತಿನಾಮದ ಇದೇ ಮೊದಲಕ್ಷರವನ್ನು ‘ಎಚ್.’ ಎಂದೂ ‘ಹೆಚ್.’ ಎಂದೂ ಅಚ್ಚುಮಾಡುತ್ತವೆ. ಅದರಿಂದ ಯಾರ ಮತವೂ ತಿಳಿಯದು. ಸೂಚಕಾರ್ಥವಿರುವುದು ಧ್ವನಿಯಲ್ಲಲ್ಲ, ಅದನ್ನು ಆಲಿಸುವ ಸಮಾಜದಲ್ಲಿ ಎಂದು ನಾವು ಭಾವಿಸುತ್ತೇವೆ.

ಆ ಸಮಾಜವೇ ಈಗ ಬದಲಾಗುತ್ತಿದೆ. ಬ್ರಿಟಿಷ್, ಐರಿಷ್ ಅಥವಾ ಎರಡೂ ಎಂದು ಗುರುತಿಸಿಕೊಳ್ಳುವ ಹಕ್ಕನ್ನು 1998ರ ಒಪ್ಪಂದವು ಮಾನ್ಯಮಾಡಿತು. ಜನಗಣತಿಯಲ್ಲಿ ‘ಬ್ರಿಟಿಷ್ ಮಾತ್ರ’ ಎಂದವರು 2011ರಲ್ಲಿ ಶೇ. 39.9ರಷ್ಟಿದ್ದರೆ 2021ರಲ್ಲಿ ಶೇ. 31.9, ‘ಐರಿಷ್ ಮಾತ್ರ’ ಎಂದವರು ಶೇ. 25.3ರಿಂದ 29.1ಕ್ಕೆ ಏರಿದರು. ಸುಮಾರು ಐವರಲ್ಲಿ ಒಬ್ಬರು ‘ಉತ್ತರ ಐರಿಷ್ ಮಾತ್ರ’ ಎಂದರು. ಈ ಮೂರನೆಯ ಉತ್ತರಕ್ಕೆ ತನ್ನದೇ ಆದ ಅಕ್ಷರನಾಮವಿಲ್ಲವೆಂಬುದು ಗಮನಾರ್ಹ.

ಇತ್ತ ಇಂಗ್ಲೆಂಡಿನ ಯುವಜನರಲ್ಲಿ ‘ಹೇಚ್’ ಹರಡುತ್ತಿದೆ. ಅಲ್ಲಿ ಅದು ಸೂಚಿಸುತ್ತಿದ್ದುದು ಮತವನ್ನಲ್ಲ, ಶಿಕ್ಷಣದ ಕೊರತೆಯನ್ನು. ಬೆಲ್‌ಫಾಸ್ಟಿನಲ್ಲಿ ಬ್ರಿಟಿಷ್‌ತನದ ಗುರುತಾಗಿ ಕೇಳಿಸುವ ‘ಏಚ್’, ಹೀಗೆ, ಬ್ರಿಟನ್ನಿನಲ್ಲಿಯೇ ಸಡಿಲಗೊಳ್ಳುತ್ತಿದೆ.